ಹವ್ಯಾಸಿಗಳು ಗುಳೆ ಹೋದ ಕತೆ

2024ರ ಫೆಬ್ರುವರಿ 22ರಂದು ಗೂಗಲ್ ಸಂಸ್ಥೆ ತನ್ನ ಗೂಗಲ್ ಗ್ರೂಪ್ಸ್ ಸೇವೆಗೂ ಯೂಸ್‌ನೆಟ್‌ಗೂ ಇದ್ದ ನಂಟನ್ನು ಕಡಿದುಹಾಕಿತು. ಹಳೆಯ ಸಂದೇಶಗಳನ್ನು ಓದಬಹುದು, ಹುಡುಕಬಹುದು. ಹೊಸದಾಗಿ ಏನನ್ನೂ ಬರೆಯುವಂತಿಲ್ಲ. ಸುದ್ದಿ ಹೆಚ್ಚು ಸದ್ದು ಮಾಡಲಿಲ್ಲ, ಯಾಕೆಂದರೆ ಯೂಸ್‌ನೆಟ್ ಎಂಬ ಚರ್ಚಾಗುಂಪುಗಳ ಜಾಲದ ಹೆಸರನ್ನೇ ಇವತ್ತಿನ ಬಹುಪಾಲು ಜನ ಕೇಳಿಲ್ಲ. ಆದರೆ ಟಿಮ್ ಬರ್ನರ್ಸ್-ಲೀ ತಮ್ಮ ವರ್ಲ್ಡ್ ವೈಡ್ ವೆಬ್ ಯೋಜನೆಯನ್ನು 1991ರ ಆಗಸ್ಟ್ 6ರಂದು ಹೊರಜಗತ್ತಿಗೆ ತಿಳಿಸಿದ್ದು ಯೂಸ್‌ನೆಟ್‌ನ ಒಂದು ಗುಂಪಿನಲ್ಲಿ. ಅದೇ ತಿಂಗಳ 25ರಂದು ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾನೊಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿರುವುದಾಗಿಯೂ ಅದು ಬರೀ ಹವ್ಯಾಸಕ್ಕೆಂದೂ ಹೇಳಿಕೊಂಡದ್ದು ಅಲ್ಲಿಯ ಇನ್ನೊಂದು ಗುಂಪಿನಲ್ಲಿ. ಮುಂದೆ ಲಿನಕ್ಸ್ ಆದದ್ದು ಅದೇ.

ಇವು ಇತಿಹಾಸದ ಪುಟ ಸೇರಿದ ಸಂಗತಿಗಳು. ಯೂಸ್‌ನೆಟ್‌ನ ದಿನನಿತ್ಯದ ಬದುಕು ಮಾತ್ರ ಇನ್ನೂ ಸಾಮಾನ್ಯ ಜನರದಾಗಿತ್ತು. ಮೀನು ಸಾಕುವವರು, ಹಕ್ಕಿ ನೋಡುವವರು, ಸೈಕಲ್ ಬಿಚ್ಚಿ ಜೋಡಿಸುವವರು, ಕ್ರಿಕೆಟ್ ಅಂಕಿ-ಅಂಶಗಳ ಹುಚ್ಚಿನವರು ದಿನಾ ಅಲ್ಲಿ ಸೇರುತ್ತಿದ್ದರು. ಅವರೆಲ್ಲ ಆ ಊರನ್ನು ಯಾಕೆ ಬಿಟ್ಟರು, ಎಲ್ಲಿಗೆ ಹೋದರು, ಹೋಗುವಾಗ ಏನನ್ನು ಕಟ್ಟಿಕೊಂಡು ಹೋದರು ಎಂಬುದು ಇವತ್ತು ಫೇಸ್‌ಬುಕ್, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೂತು ಹರಟುವ ನಾವೆಲ್ಲ ತಿಳಿಯಬೇಕಾದ ಕತೆ.

ರಾತ್ರಿ ಹೊತ್ತಿನ ಫೋನ್ ಕರೆಗಳು

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಅವರಿಗೆ 1979ರಲ್ಲಿ ಯೂಸ್‌ನೆಟ್‌ನ ವಿಚಾರ ಹೊಳೆಯಿತು. ಪಕ್ಕದ ಚಾಪೆಲ್ ಹಿಲ್‌ನ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವ್ ಬೆಲೊವಿನ್ ಅದಕ್ಕೆ ಮೊದಲ ಪ್ರೋಗ್ರಾಂ ಬರೆದರು. ಎರಡು ಕಡೆಯ ಕಂಪ್ಯೂಟರ್‌ಗಳು ಮೋಡೆಮ್ ಮೂಲಕ ಒಂದಕ್ಕೊಂದು ಫೋನ್ ಮಾಡಿ, ಹಿಂದಿನ ಕರೆಯ ನಂತರ ಬಂದ ಹೊಸ ಸಂದೇಶಗಳನ್ನಷ್ಟೇ ಬದಲಾಯಿಸಿಕೊಳ್ಳುತ್ತಿದ್ದವು. ಕರೆಯ ದರ ಕಡಿಮೆ ಇರುವ ರಾತ್ರಿ ಹೊತ್ತು ಇದಕ್ಕೆ ಅನುಕೂಲ. 1980ರಲ್ಲಿ ಇದು ಉಳಿದವರಿಗೂ ತೆರೆಯಿತು. ಮೂರನೆಯ ಕಂಪ್ಯೂಟರ್ ಎರಡನೆಯದರಿಂದ ಸಂದೇಶ ಪಡೆದು ನಾಲ್ಕನೆಯದಕ್ಕೆ ದಾಟಿಸಿತು. ಹೀಗೆ ಬಲೆ ಹರಡುತ್ತ ಹೋಯಿತು.

ಈ ಏರ್ಪಾಡಿಗೆ ನಡುಮನೆ ಎಂಬುದೇ ಇರಲಿಲ್ಲ. ಯಜಮಾನನೂ ಇರಲಿಲ್ಲ. ಬರೆದ ಒಂದು ಸಂದೇಶದ ಪ್ರತಿ ಜಗತ್ತಿನ ಸಾವಿರಾರು ಸರ್ವರ್‌ಗಳಲ್ಲಿ ಕೂರುತ್ತಿತ್ತು. ಡಿಸ್ಕಿನಲ್ಲಿ ಜಾಗ ಸಾಲದ್ದರಿಂದ ಕೆಲವು ದಿನ ಅಥವಾ ಕೆಲವು ವಾರಗಳಲ್ಲಿ ಅಳಿಸಿಹೋಗುತ್ತಿತ್ತು. 1986-87ರಲ್ಲಿ ಗುಂಪುಗಳ ಹೆಸರುಗಳನ್ನೆಲ್ಲ ಹೊಸದಾಗಿ ವಿಂಗಡಿಸಿದಾಗ ಕಂಪ್ಯೂಟರ್ ವಿಷಯಕ್ಕೆ ‘ಕಾಂಪ್’, ವಿಜ್ಞಾನಕ್ಕೆ ‘ಸೈ’, ಸಮಾಜ-ಸಂಸ್ಕೃತಿಗೆ ‘ಸೋಕ್’, ಹವ್ಯಾಸ-ಮನರಂಜನೆಗೆ ‘ರೆಕ್’ ಎಂಬ ಮುಂಗುರುತು ಬಂತು. ರೆಕ್.ಬರ್ಡ್ಸ್, ರೆಕ್.ಗಾರ್ಡನ್ಸ್, ರೆಕ್.ಸ್ಪೋರ್ಟ್.ಕ್ರಿಕೆಟ್, ರೆಕ್.ಆರ್ಟ್ಸ್.ಮೂವೀಸ್ ಹೀಗೆ ಹುಟ್ಟಿದ ಹೆಸರುಗಳು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದ ಭಾರತೀಯರು ಸೋಕ್.ಕಲ್ಚರ್.ಇಂಡಿಯನ್ ಗುಂಪಿನಲ್ಲಿ ಊರಿನ ಸುದ್ದಿಗೆ ಕಾಯುತ್ತಿದ್ದರು. ಹಳೆಯ ಹಿಂದಿ ಚಿತ್ರಗೀತೆಗಳ ಮೋಹಿಗಳು ರೆಕ್.ಮ್ಯೂಸಿಕ್.ಇಂಡಿಯನ್.ಮಿಸ್ಕ್‌ನಲ್ಲಿ ಹಾಡಿನ ಸಾಹಿತ್ಯ, ಸಂಗೀತ ನಿರ್ದೇಶಕರ ಹೆಸರು, ಸಿನಿಮಾ ಬಂದ ವರ್ಷ ಎಲ್ಲವನ್ನೂ ಚರ್ಚಿಸಿ ದಾಖಲಿಸುತ್ತಿದ್ದರು. ಕರ್ನಾಟಕದವರಿಗೂ ಒಂದು ಗುಂಪಿತ್ತು. ಕನ್ನಡ ಲಿಪಿ ಮೂಡಿಸುವ ಅನುಕೂಲ ಆಗ ಇಲ್ಲದ್ದರಿಂದ ಕನ್ನಡವನ್ನೂ ರೋಮನ್ ಅಕ್ಷರಗಳಲ್ಲೇ ಬರೆಯಬೇಕಿತ್ತು.

ಓದಿ ಆಡುವ ಆಟದವರು

ಹವ್ಯಾಸಿಗಳ ಗುಳೆಯನ್ನು ಹತ್ತಿರದಿಂದ ನೋಡಲು ಒಂದು ಸಣ್ಣ ಬಳಗವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಕಂಪ್ಯೂಟರ್‌ನಲ್ಲಿ ಚಿತ್ರವೇ ಇಲ್ಲದ, ಓದುತ್ತ ಆಡುವ ಆಟಗಳ ಬಳಗವದು. ಪರದೆಯ ಮೇಲೆ ನಾಲ್ಕು ಸಾಲಿನ ವರ್ಣನೆ ಬರುತ್ತದೆ: ನೀವೊಂದು ಗುಹೆಯ ಬಾಯಲ್ಲಿ ನಿಂತಿದ್ದೀರಿ, ಪಕ್ಕದಲ್ಲಿ ಲಾಟೀನು ಬಿದ್ದಿದೆ. ಆಡುವವರು ‘ಟೇಕ್ ಲ್ಯಾಂಪ್’ ಎಂದೋ ‘ಗೋ ನಾರ್ತ್’ ಎಂದೋ ಟೈಪ್ ಮಾಡಬೇಕು. ಅದಕ್ಕೆ ತಕ್ಕಂತೆ ಕತೆ ಮುಂದೆ ಸಾಗುತ್ತದೆ.

ಈ ಬಗೆಯ ಆಟಕ್ಕೆ ನಾಂದಿ ಹಾಡಿದವರು ವಿಲ್ ಕ್ರೌದರ್. ಇಂಟರ್ನೆಟ್ಟಿನ ಹಿರಿಯಜ್ಜನಾದ ಅರ್ಪಾನೆಟ್ ಕಟ್ಟಿದ ತಂಡದಲ್ಲಿ ಅವರಿದ್ದರು. ಬಿಡುವಿನಲ್ಲಿ ಕೆಂಟಕಿಯ ಮ್ಯಾಮತ್ ಗುಹೆಗಳಲ್ಲಿ ತೆವಳಿ ನಕ್ಷೆ ಬರೆಯುತ್ತಿದ್ದರು. 1970ರ ದಶಕದ ನಡುವೆ, ಆ ಗುಹೆಗಳ ಅನುಭವವನ್ನೇ ಇಟ್ಟುಕೊಂಡು ತಮ್ಮ ಪುಟ್ಟ ಹೆಣ್ಣುಮಕ್ಕಳು ಆಡಲೆಂದು ‘ಅಡ್ವೆಂಚರ್’ ಬರೆದರು. ಸ್ಟ್ಯಾನ್‌ಫರ್ಡ್‌ನ ಡಾನ್ ವುಡ್ಸ್ 1977ರಲ್ಲಿ ಅದನ್ನು ಹಿಗ್ಗಿಸಿದರು. ಎಂಐಟಿಯ ಗೆಳೆಯರು ಅದೇ ಹುಮ್ಮಸ್ಸಿನಲ್ಲಿ ‘ಜೋರ್ಕ್’ ಬರೆದು, 1979ರಲ್ಲಿ ಇನ್ಫೋಕಾಮ್ ಎಂಬ ಕಂಪನಿಯನ್ನೇ ತೆರೆದರು. 1980ರ ದಶಕದ ಮೊದಲ ಅರ್ಧದಲ್ಲಿ ಈ ಆಟಗಳು ಬಿಸಿದೋಸೆಯಂತೆ ಖರ್ಚಾದವು. ಆಮೇಲೆ ಬಣ್ಣದ ಚಿತ್ರಗಳ ಆಟಗಳು ಬಂದವು. ಓದುವ ಆಟದ ಮಾರುಕಟ್ಟೆ ಕುಸಿಯಿತು. 1989ರಲ್ಲಿ ಇನ್ಫೋಕಾಮ್ ಕಚೇರಿಗೆ ಬೀಗ ಬಿತ್ತು.

ವ್ಯಾಪಾರ ನಿಂತರೂ ಆಸಕ್ತಿ ನಿಲ್ಲಲಿಲ್ಲ. ಯೂಸ್‌ನೆಟ್‌ನಲ್ಲಿ ಈ ಆಟದವರಿಗೆ ಎರಡು ಗುಂಪುಗಳಿದ್ದವು. ರೆಕ್.ಆರ್ಟ್ಸ್.ಇಂಟ್-ಫಿಕ್ಷನ್ ಆಟ ಬರೆಯುವವರದು, ರೆಕ್.ಗೇಮ್ಸ್.ಇಂಟ್-ಫಿಕ್ಷನ್ ಆಡುವವರದು. ಇನ್ಫೋಕಾಮ್ ಆಟಗಳ ಫೈಲುಗಳನ್ನು ಬಿಡಿಸಿ ಬಿಡಿಸಿ ನೋಡಿ, ಅವು ಒಳಗೆ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಹವ್ಯಾಸಿಗಳೇ ಪತ್ತೆಹಚ್ಚಿದ್ದರು. 1993ರಲ್ಲಿ ಬ್ರಿಟನ್ನಿನ ಗಣಿತಜ್ಞ ಗ್ರಹಾಂ ನೆಲ್ಸನ್ ಆ ತಿಳಿವಳಿಕೆಯ ಮೇಲೆ ‘ಇನ್‌ಫಾರ್ಮ್’ ಎಂಬ ಸಲಕರಣೆಯನ್ನು ರೂಪಿಸಿ, ಇನ್ಫೋಕಾಮ್ ಮಾದರಿಯ ಆಟವನ್ನು ಯಾರು ಬೇಕಾದರೂ ಬರೆಯುವಂತೆ ಮಾಡಿದರು. ಜೊತೆಗೆ ‘ಕರ್ಸಸ್’ ಎಂಬ ತಮ್ಮದೇ ಆಟವನ್ನೂ ಹಂಚಿದರು. ಹಳೆಯ ಮನೆಯ ಅಟ್ಟದಲ್ಲಿ ಪ್ಯಾರಿಸ್ಸಿನ ಪ್ರವಾಸಿ ನಕ್ಷೆಯೊಂದನ್ನು ಹುಡುಕುವುದು ಅದರಲ್ಲಿ ಆಡುವವರಿಗೆ ಬರುವ ಮೊದಲ ಕೆಲಸ. ಆ ಸಣ್ಣ ಹುಡುಕಾಟ ಬೆಳೆದು ಶತಮಾನಗಳ ಹಿಂದಕ್ಕೆ ಕರೆದೊಯ್ಯುತ್ತದೆ. ಎರಡನ್ನೂ ನೆಲ್ಸನ್ ಬಿಟ್ಟಿಯಾಗಿ ಕೊಟ್ಟರು.

ಸಂದೇಶಗಳು ವಾರ ಕಳೆಯುವುದರಲ್ಲಿ ಅಳಿಸಿಹೋಗುವ ಜಾಗದಲ್ಲಿ ಇಂಥ ಕೆಲಸ ಉಳಿಯುವುದು ಹೇಗೆ? ಅದಕ್ಕೂ ಬಳಗದವರೇ ದಾರಿ ಕಂಡುಕೊಂಡರು. 1992ರಲ್ಲಿ ಜರ್ಮನಿಯ ಸರ್ಕಾರಿ ಸಂಶೋಧನಾ ಕೇಂದ್ರವೊಂದರ ಸರ್ವರ್‌ನಲ್ಲಿ ಒಂದು ಮೂಲೆ ಪಡೆದು ‘ಐಎಫ್ ಆರ್ಕೈವ್’ ಎಂಬ ಭಂಡಾರ ತೆರೆದರು. ಆಟ, ಸಲಕರಣೆ, ಕೈಪಿಡಿ, ವಿಮರ್ಶೆ ಎಲ್ಲ ಅಲ್ಲಿಗೆ ಹೋಗುತ್ತಿದ್ದವು. ಹರಟೆ ಗುಂಪಿನಲ್ಲಿ, ಸಂಗ್ರಹ ಭಂಡಾರದಲ್ಲಿ ಎಂಬ ಈ ವಿಭಜನೆ ಮುಂದೆ ಬಳಗವನ್ನು ಕಾಪಾಡಿತು.

1995ರಲ್ಲಿ ಕೆವಿನ್ ವಿಲ್ಸನ್ ಗುಂಪಿನಲ್ಲಿ ಒಂದು ಸ್ಪರ್ಧೆ ಸಾರಿದರು. ಎರಡು ಗಂಟೆಯೊಳಗೆ ಆಡಿ ಮುಗಿಸಬಹುದಾದ ಆಟ ಬರೆಯಬೇಕು, ಓದುಗರೇ ತೀರ್ಪುಗಾರರು ಎಂಬುದು ಅದರ ಕಟ್ಟಳೆ. ಬಂದದ್ದು 12 ಆಟ. ಎರಡು ಗಂಟೆಯ ಮಿತಿಯೇ ಈ ಕಲೆಯ ಸ್ವರೂಪವನ್ನು ಬದಲಿಸಿತು. ತಿಂಗಳುಗಟ್ಟಲೆ ತಲೆಕೆರೆದುಕೊಳ್ಳುವ ಒಗಟಿನ ಕೋಟೆಗಳ ಜಾಗದಲ್ಲಿ ಸಣ್ಣಕತೆಯಷ್ಟು ಬಿಗಿಯಾದ ಕೃತಿಗಳು ಬಂದವು. ಸ್ಪರ್ಧೆ ಅಂದಿನಿಂದ ಪ್ರತಿವರ್ಷ ನಡೆದಿದೆ. 2020ರಲ್ಲಿ ನೂರಕ್ಕೂ ಹೆಚ್ಚು ಆಟಗಳು ಬಂದಿದ್ದವು.

ಗುಂಪಿನ ನಡವಳಿಕೆ

ಕೇಳುವ ಯಜಮಾನನಿಲ್ಲದ ಜಾಗದಲ್ಲಿ ಶಿಸ್ತು ಮೂಡಿದ್ದು ರೂಢಿಯಿಂದ. ಹೊಸಬರು ಕೆಲವು ದಿನ ಸುಮ್ಮನೆ ಓದಬೇಕು, ಆಮೇಲೆ ಬರೆಯಬೇಕು. ಉತ್ತರ ಕೊಡುವಾಗ ಹಿಂದಿನವರ ಮಾತಿನಲ್ಲಿ ಬೇಕಾದಷ್ಟನ್ನು ಮಾತ್ರ ಉಳಿಸಿಕೊಂಡು ಅದರ ಕೆಳಗೆ ಬರೆಯಬೇಕು. ಪದೇ ಪದೇ ಬರುವ ಪ್ರಶ್ನೆಗಳಿಗೆ ಉತ್ತರಗಳನ್ನು ಒಟ್ಟುಮಾಡಿ ಯಾರಾದರೊಬ್ಬರು ನಿಗದಿತ ಅವಧಿಗೊಮ್ಮೆ ಗುಂಪಿಗೆ ಹಾಕುತ್ತಿದ್ದರು. ಇವತ್ತು ಬ್ಯಾಂಕಿನ ವೆಬ್‌ಸೈಟಿನಿಂದ ಹಿಡಿದು ಎಲ್ಲೆಡೆ ಕಾಣುವ ‘ಎಫ್‌ಎಕ್ಯೂ’ ಎಂಬ ಮಾದರಿ ಮನೆಮಾತಾದದ್ದು ಈ ಗುಂಪುಗಳಿಂದ. ಕಿರಿಕಿರಿ ಮಾಡುವವರ ಹೆಸರನ್ನು ‘ಕಿಲ್ ಫೈಲ್’ಗೆ ಸೇರಿಸಿಬಿಟ್ಟರೆ ಅವರ ಸಂದೇಶ ಮತ್ತೆ ಕಣ್ಣಿಗೆ ಬೀಳುತ್ತಿರಲಿಲ್ಲ.

ಆಟದ ಗುಟ್ಟು ರಟ್ಟಾಗದಂತೆ ನೋಡಿಕೊಳ್ಳಲು ಅವರು ಬಳಸಿದ ಉಪಾಯವಂತೂ ಸೊಗಸಾದದ್ದು. ಯಾರೋ ಒಂದು ಬಾಗಿಲು ತೆರೆಯಲಾಗದೆ ಸುಳಿವು ಕೇಳುತ್ತಾರೆ. ಉತ್ತರ ನೇರವಾಗಿ ಬರೆದರೆ ಉಳಿದವರ ಆಟ ಕೆಡುತ್ತದೆ. ಹಾಗಾಗಿ ಉತ್ತರದ ಪ್ರತಿ ಇಂಗ್ಲಿಷ್ ಅಕ್ಷರವನ್ನೂ ಹದಿಮೂರು ಮನೆ ಮುಂದಕ್ಕೆ ಸರಿಸಿ ಬರೆಯುತ್ತಿದ್ದರು. ಎ ಇದ್ದಲ್ಲಿ ಎನ್, ಬಿ ಇದ್ದಲ್ಲಿ ಓ. ಇಂಗ್ಲಿಷಿನಲ್ಲಿ 26 ಅಕ್ಷರಗಳಿರುವುದರಿಂದ ಮತ್ತೆ ಹದಿಮೂರು ಸರಿಸಿದರೆ ಮೊದಲಿನ ಮಾತು ಮರಳುತ್ತದೆ. ಸಂದೇಶ ಓದುವ ಪ್ರೋಗ್ರಾಂಗಳಲ್ಲಿ ಇದಕ್ಕೆಂದೇ ಒಂದು ಕೀಲಿ ಇರುತ್ತಿತ್ತು. ಬೇಕಾದವರು ಅದನ್ನೊತ್ತಿ ಓದುತ್ತಿದ್ದರು, ಬೇಡದವರು ದಾಟಿಹೋಗುತ್ತಿದ್ದರು.

ಊರು ಬಿಟ್ಟದ್ದು ಯಾಕೆ?

ಮೊದಲೆಲ್ಲ ಪ್ರತಿ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕಾಲೇಜುಗಳಿಗೆ ಹೊಸ ವಿದ್ಯಾರ್ಥಿಗಳು ಸೇರುತ್ತಿದ್ದರು, ಅವರ ಜೊತೆ ಗುಂಪುಗಳಲ್ಲಿ ಗದ್ದಲವೂ ಶುರುವಾಗುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಅವರು ರೂಢಿ ಕಲಿತು ಹೊಂದಿಕೊಳ್ಳುತ್ತಿದ್ದರು. 1993-94ರಲ್ಲಿ ಎಒಎಲ್‌ನಂಥ ವಾಣಿಜ್ಯ ಸೇವೆಗಳು ತಮ್ಮ ಲಕ್ಷಾಂತರ ಗ್ರಾಹಕರಿಗೆ ಯೂಸ್‌ನೆಟ್ ಬಾಗಿಲು ತೆರೆದವು. ಕಲಿಸುವವರಿಗಿಂತ ಬರುವವರೇ ಹೆಚ್ಚಾದರು. ಹಳಬರು ಆ ಕಾಲವನ್ನು ‘ಮುಗಿಯದ ಸೆಪ್ಟೆಂಬರ್’ ಎಂದೇ ಕರೆದರು.

1994ರ ಏಪ್ರಿಲ್ 12ರಂದು ಅರಿಜೋನಾದ ಫೀನಿಕ್ಸ್‌ನ ವಕೀಲ ದಂಪತಿ ಕ್ಯಾಂಟರ್ ಮತ್ತು ಸೀಗಲ್, ಅಮೆರಿಕದ ಗ್ರೀನ್ ಕಾರ್ಡ್ ಲಾಟರಿಗೆ ಅರ್ಜಿ ಹಾಕಿಸಿಕೊಡುತ್ತೇವೆ ಎಂಬ ಜಾಹೀರಾತನ್ನು ಒಂದೇ ಏಟಿಗೆ ಐದು ಸಾವಿರಕ್ಕೂ ಹೆಚ್ಚು ಗುಂಪುಗಳಿಗೆ ಸುರಿದರು. ಜನ ಕೆರಳಿ ಬೈದರು, ಆದರೆ ತಡೆಯುವ ಅಧಿಕಾರ ಯಾರಿಗೂ ಇರಲಿಲ್ಲ. ಅಲ್ಲಿಂದ ಸ್ಪ್ಯಾಮ್ ಹೊಳೆಯಾಗಿ ಹರಿಯಿತು. ಯಜಮಾನನಿಲ್ಲದಿರುವುದು ಅದುವರೆಗೆ ಯೂಸ್‌ನೆಟ್‌ನ ಬಲವಾಗಿತ್ತು. ಕಸ ಗುಡಿಸುವ ಹೊತ್ತು ಬಂದಾಗ ಅದೇ ತೊಡಕಾಯಿತು.

ಅಷ್ಟರಲ್ಲಿ ವೆಬ್ ಬಲಿಯಿತು. 2000ದಲ್ಲಿ ಬಂದ ಪಿಎಚ್‌ಪಿಬಿಬಿ ಎಂಬ ಉಚಿತ ಸಾಫ್ಟ್‌ವೇರ್ ಬಳಸಿ, ಸಣ್ಣ ಬಾಡಿಗೆಗೆ ಸರ್ವರ್ ಹಿಡಿದು, ಯಾರು ಬೇಕಾದರೂ ಸ್ವಂತ ಫೋರಂ ತೆರೆಯಬಹುದಾಯಿತು. ಅಲ್ಲಿ ಫೋಟೊ ಹಾಕಬಹುದು, ಬರೆದದ್ದನ್ನು ತಿದ್ದಬಹುದು, ಹಳೆಯ ಚರ್ಚೆ ಹುಡುಕಬಹುದು. ತಂಟೆಕೋರರನ್ನು ಹೊರಹಾಕಲು ಮಾಡರೇಟರ್ ಇರುತ್ತಾರೆ. ಅಕ್ವೇರಿಯಂ ಮೀನಿಗೆ ಬಂದ ರೋಗವನ್ನು ಮಾತಿನಲ್ಲಿ ವರ್ಣಿಸುವುದಕ್ಕೂ ಫೋಟೊ ತೋರಿಸುವುದಕ್ಕೂ ಇರುವ ಅಂತರವನ್ನು ಹವ್ಯಾಸಿಗಳಿಗೆ ಯಾರೂ ವಿವರಿಸಬೇಕಿರಲಿಲ್ಲ.

ಇತ್ತ ಇಂಟರ್ನೆಟ್ ಕಂಪನಿಗಳಿಗೆ ಯೂಸ್‌ನೆಟ್ ಸರ್ವರ್ ಸಾಕುವುದು ಭಾರವಾಯಿತು. ಚರ್ಚೆಯ ಪಕ್ಕದಲ್ಲೇ ಕದ್ದ ಸಿನಿಮಾ, ಅದಕ್ಕಿಂತ ಹೇಯವಾದ ಫೈಲುಗಳು ಅಲ್ಲಿ ತುಂಬಿದ್ದವು. ಎಒಎಲ್ 2005ರಲ್ಲಿ ಈ ಸೇವೆ ನಿಲ್ಲಿಸಿತು. 2008ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಮಕ್ಕಳ ಅಶ್ಲೀಲ ಚಿತ್ರಗಳ ವಿರುದ್ಧ ಕ್ರಮಕ್ಕಿಳಿದಾಗ ದೊಡ್ಡ ಕಂಪನಿಗಳು ಗುಂಪುಗಳನ್ನು ಪೂರ್ತಿಯಾಗಿಯೋ ಭಾಗಶಃವೋ ಕೈಬಿಟ್ಟವು. 2010ರ ಮೇ 20ರಂದು ಡ್ಯೂಕ್ ವಿಶ್ವವಿದ್ಯಾಲಯವೇ ತನ್ನ ಯೂಸ್‌ನೆಟ್ ಸರ್ವರ್ ಆರಿಸಿತು.

ಓದಿ ಆಡುವ ಆಟದವರು ಹೊರಟದ್ದೂ ಸುಮಾರು ಆ ಹೊತ್ತಿಗೆ. 2006ರಲ್ಲಿ ಶುರುವಾಗಿದ್ದ ಇಂಟ್‌ಫಿಕ್ಷನ್ ಎಂಬ ವೆಬ್ ಫೋರಂಗೆ ಚರ್ಚೆಗಳು ಒಂದೊಂದಾಗಿ ಸರಿದವು. ಮೊದಲು ಹೊಸಬರು ಅಲ್ಲಿಗೆ ಬಂದರು, ಹಳಬರು ಎರಡೂ ಕಡೆ ಕಾಲಿಟ್ಟುಕೊಂಡಿದ್ದರು. ಕಡೆಗೆ ಯೂಸ್‌ನೆಟ್ ಗುಂಪುಗಳು ಖಾಲಿಯಾದವು. 2019ರಲ್ಲಿ ಆ ಫೋರಂ ಪಿಎಚ್‌ಪಿಬಿಬಿಯನ್ನೂ ಬಿಟ್ಟು ‘ಡಿಸ್ಕೋರ್ಸ್’ ಎಂಬ ಹೊಸ ಸಾಫ್ಟ್‌ವೇರ್‌ಗೆ ಬದಲಾಯಿತು. ಹಳೆಯ ರೂಢಿಗಳು ಜೊತೆಗೇ ಹೋದವು. ಅಕ್ಷರ ಸರಿಸಿ ಬರೆಯುವ ಕಾಲ ಹೋಗಿ, ಈಗ ಸುಳಿವಿನ ಸಾಲು ಮಸುಕಾಗಿ ಕಾಣುತ್ತದೆ, ಒತ್ತಿದರಷ್ಟೇ ತೆರೆದುಕೊಳ್ಳುತ್ತದೆ. ಇನ್ನೊಬ್ಬರ ಆಟ ಕೆಡಿಸಬಾರದು ಎಂಬ ಕಾಳಜಿ ಮಾತ್ರ ಅದೇ. 2016ರಲ್ಲಿ ಬಳಗದವರು ಲಾಭಕ್ಕಲ್ಲದ ಪ್ರತಿಷ್ಠಾನವೊಂದನ್ನು ನೋಂದಾಯಿಸಿದರು. ಸ್ಪರ್ಧೆ, ಭಂಡಾರ, ಫೋರಂ ಮೂರನ್ನೂ ಕಾಲಕ್ರಮದಲ್ಲಿ ಅದರ ಸುಪರ್ದಿಗೆ ಕೊಟ್ಟರು. ಒಬ್ಬಿಬ್ಬರು ನಿರ್ವಾಹಕರು ಕೈಬಿಟ್ಟರೂ ಕೆಲಸ ನಿಲ್ಲದಂಥ ಏರ್ಪಾಡು ಇದು.

ಎಲ್ಲರಿಗೂ ಈ ಅದೃಷ್ಟ ಇರಲಿಲ್ಲ

ರೆಕ್.ಆರ್ಟ್ಸ್.ಮೂವೀಸ್ ಗುಂಪಿನ ಸಿನಿಮಾಪ್ರಿಯರು ನಟಿಯರು, ನಟರು, ನಿರ್ದೇಶಕರು ಎಂದು ಬೇರೆ ಬೇರೆ ಪಟ್ಟಿಗಳನ್ನು ಒಟ್ಟಾಗಿ ಬೆಳೆಸಿದ್ದರು. 1990ರ ಅಕ್ಟೋಬರ್ 17ರಂದು ಬ್ರಿಟನ್ನಿನ ಕೋಲ್ ನೀಡಮ್ ಆ ಪಟ್ಟಿಗಳಲ್ಲಿ ಹುಡುಕಲು ಬರುವ ಪ್ರೋಗ್ರಾಂಗಳನ್ನು ಗುಂಪಿಗೆ ಹಾಕಿದರು. ಅದೇ ಐಎಂಡಿಬಿ ಎಂಬ ಸಿನಿಮಾ ಮಾಹಿತಿಯ ತಾಣವಾಯಿತು. 1998ರಲ್ಲಿ ಅಮೆಜಾನ್ ಅದನ್ನು ಕೊಂಡಿತು. ಮಾಹಿತಿ ಭಂಡಾರ ಇವತ್ತಿಗೂ ಬೆಳೆಯುತ್ತಿದೆ. ಆದರೆ ಆ ತಾಣದ ಚರ್ಚಾವೇದಿಕೆಗಳನ್ನು 2017ರ ಫೆಬ್ರುವರಿ 20ರಂದು ಮುಚ್ಚಲಾಯಿತು. ವರ್ಷಗಟ್ಟಲೆ ಒಂದೊಂದು ಸಿನಿಮಾದ ಕೆಳಗೆ ಜನ ಬರೆದಿದ್ದ ಮಾತುಗಳು ಆ ತಾಣದಿಂದ ಅಳಿಸಿಹೋದವು. ಕ್ರಿಕೆಟ್ ತಾಣ ಕ್ರಿಕ್‌ಇನ್ಫೋ ಹುಟ್ಟಿದ್ದೂ ಇಂಥದೇ ಉಚಿತ ದುಡಿಮೆಯಲ್ಲಿ. 1993ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿದ್ದ ಸೈಮನ್ ಕಿಂಗ್ ಅದನ್ನು ಆರಂಭಿಸಿದರು. ಜಗತ್ತಿನ ನಾನಾ ಮೂಲೆಯ ವಿದ್ಯಾರ್ಥಿಗಳು, ಅವರಲ್ಲಿ ಭಾರತೀಯರೂ ಅನೇಕರು, ಸ್ಕೋರ್‌ಕಾರ್ಡುಗಳನ್ನು ಟೈಪ್ ಮಾಡಿ ಸೇರಿಸಿದರು. 2007ರಲ್ಲಿ ಅದು ಇಎಸ್‌ಪಿಎನ್ ಪಾಲಾಯಿತು.

ಯಾಹೂ ಗ್ರೂಪ್ಸ್‌ನದು ಇನ್ನೂ ಕಹಿ ಅನುಭವ. ಯೂಸ್‌ನೆಟ್ ಬಿಟ್ಟವರಿಗೂ, ಯೂಸ್‌ನೆಟ್ ಕಾಣದೆಯೇ ಇಂಟರ್ನೆಟ್ಟಿಗೆ ಬಂದವರಿಗೂ ಅದು ಆಸರೆಯಾಗಿತ್ತು. ಬೆಂಗಳೂರಿನ ಪಕ್ಷಿವೀಕ್ಷಕರು ಕೂಡ ಯಾಹೂ ಗುಂಪಿನಲ್ಲಿ ಯಾವ ಕೆರೆಯಲ್ಲಿ ಯಾವ ಹಕ್ಕಿ ಕಂಡಿತು ಎಂದು ಹಂಚಿಕೊಳ್ಳುತ್ತಿದ್ದ ಕಾಲವಿತ್ತು. 2019ರ ಕೊನೆಯಲ್ಲಿ ಯಾಹೂ ತನ್ನ ಗುಂಪುಗಳ ಹಳೆಯ ಸಂದೇಶ, ಫೋಟೊ, ಫೈಲುಗಳನ್ನು ತೆಗೆದುಹಾಕುವುದಾಗಿ ಸಾರಿತು. 2020ರ ಡಿಸೆಂಬರ್ 15ಕ್ಕೆ ಸೇವೆಯೇ ನಿಂತಿತು. ಎಚ್ಚೆತ್ತು ಪ್ರತಿ ತೆಗೆದಿಟ್ಟವರ ಸಂಗ್ರಹ ಉಳಿಯಿತು, ಉಳಿದವರದು ಹೋಯಿತು.

ಯೂಸ್‌ನೆಟ್‌ನ ಮೊದಲ ದಶಕದ ಮಾತುಗಳು ನಮಗೆ ಉಳಿದಿದ್ದರೆ ಅದಕ್ಕೂ ಒಬ್ಬ ವ್ಯಕ್ತಿಯ ಮುಂದಾಲೋಚನೆಯೇ ಕಾರಣ. ಟೊರಾಂಟೊ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಹೆನ್ರಿ ಸ್ಪೆನ್ಸರ್ 1981ರಿಂದ 1991ರವರೆಗೆ ಸುಮಾರು 20 ಲಕ್ಷ ಸಂದೇಶಗಳನ್ನು 141 ಮ್ಯಾಗ್ನೆಟಿಕ್ ಟೇಪುಗಳಿಗೆ ಇಳಿಸಿಟ್ಟಿದ್ದರು. ಮುಂದೆ ಆ ಟೇಪುಗಳು ಕೆನಡಾದ ಇನ್ನೊಂದು ವಿಶ್ವವಿದ್ಯಾಲಯ ಸೇರಿದವು. ಗೂಗಲ್ 2001ರ ಡಿಸೆಂಬರ್‌ನಲ್ಲಿ ಇಪ್ಪತ್ತು ವರ್ಷಗಳ ಯೂಸ್‌ನೆಟ್ ಸಂಗ್ರಹವನ್ನು ಸಾರ್ವಜನಿಕರಿಗೆ ತೆರೆದಾಗ ಅದರ ಆರಂಭದ ಭಾಗ ಬಹುಮಟ್ಟಿಗೆ ಈ ಟೇಪುಗಳದೇ.

ನಮ್ಮ ಗುಂಪುಗಳ ಪಾಡೇನು?

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಆ ಹೊತ್ತಿಗೆ ಯೂಸ್‌ನೆಟ್‌ನ ಇಳಿಗಾಲ ಶುರುವಾಗಿತ್ತು. ಹಾಗಾಗಿ ಇಲ್ಲಿನ ಹವ್ಯಾಸಿಗಳಲ್ಲಿ ಹೆಚ್ಚಿನವರ ನೆನಪು ಯಾಹೂ ಗುಂಪು ಮತ್ತು ವೆಬ್ ಫೋರಂಗಳಿಂದ ಮೊದಲಾಗುತ್ತದೆ. 2004ರಲ್ಲಿ ಶುರುವಾದ ಟೀಮ್-ಬಿಎಚ್‌ಪಿ ಎಂಬ ಕಾರುಪ್ರಿಯರ ಫೋರಂನಲ್ಲಿ ಒಬ್ಬ ಓದುಗ ಇವತ್ತಿಗೂ ಹದಿನೈದು ವರ್ಷದ ಹಿಂದಿನ ಕಾರೊಂದರ ಕ್ಲಚ್ ತೊಂದರೆಗೆ ಉತ್ತರ ಹುಡುಕಿಕೊಳ್ಳಬಲ್ಲ. 2005ರಲ್ಲಿ ಹರಿಪ್ರಸಾದ್ ನಾಡಿಗ್ ಆರಂಭಿಸಿದ ‘ಸಂಪದ’ ಯೂನಿಕೋಡ್ ಕನ್ನಡದಲ್ಲಿ ಬರೆಯುವ ದೊಡ್ಡ ಬಳಗವನ್ನೇ ಸೇರಿಸಿತು. ಅಲ್ಲಿ ಅಡುಗೆಯಿಂದ ವ್ಯಾಕರಣದವರೆಗೆ ಚರ್ಚೆ ನಡೆಯಿತು.

ಈಗ ಆ ಮಾತುಕತೆ ಬಹುಪಾಲು ವಾಟ್ಸ್‌ಆ್ಯಪ್, ಟೆಲಿಗ್ರಾಂ, ಫೇಸ್‌ಬುಕ್‌ನೊಳಗೆ ಸೇರಿಕೊಂಡಿದೆ. ತಾರಸಿ ತೋಟದವರು, ಜೇನು ಸಾಕುವವರು, ಹಳೆಯ ನಾಣ್ಯ ಕೂಡಿಸುವವರು, ಯಕ್ಷಗಾನದ ಹಳೆಯ ಧ್ವನಿಮುದ್ರಣ ಹುಡುಕುವವರು ಅಲ್ಲಿದ್ದಾರೆ. ತಿಳಿದವರು ಪ್ರೀತಿಯಿಂದ ಉತ್ತರ ಕೊಡುತ್ತಾರೆ. ಆದರೆ ವಾಟ್ಸ್‌ಆ್ಯಪ್ ಗುಂಪಿನ ಉತ್ತರ ಹೊರಗಿನವರ ಹುಡುಕಾಟಕ್ಕೆ ಸಿಗುವುದಿಲ್ಲ. ಮರುದಿನದ ಶುಭೋದಯದ ಚಿತ್ರಗಳ ಕೆಳಗೆ ಅದು ಹೂತುಹೋಗುತ್ತದೆ. ಅದೇ ಪ್ರಶ್ನೆ ಮತ್ತೆ ಬರುತ್ತದೆ, ಅದೇ ಹಿರಿಯರು ಮತ್ತೆ ಉತ್ತರಿಸುತ್ತಾರೆ. ಒಂದು ದಿನ ಅವರ ಫೋನ್ ಕೆಟ್ಟರೆ, ಅವರೇ ಇಲ್ಲವಾದರೆ, ಆ ತಿಳಿವಳಿಕೆಯೂ ಇಲ್ಲವಾಗುತ್ತದೆ.

ಯೂಸ್‌ನೆಟ್ ಇನ್ನೂ ಪೂರ್ತಿ ಸತ್ತಿಲ್ಲ. ‘ಎಟರ್ನಲ್ ಸೆಪ್ಟೆಂಬರ್’ ಎಂಬ ಉಚಿತ ಸರ್ವರ್ ಮೂಲಕ ಇವತ್ತಿಗೂ ಅಲ್ಲಿ ಬರೆಯಬಹುದು. ಕನ್ನಡದ ಹವ್ಯಾಸಿಗಳು ಅಲ್ಲಿಗೆ ಹೋಗಬೇಕಿಲ್ಲ. ಓದಿ ಆಡುವ ಆಟದವರು 1992ರಲ್ಲೇ ಮಾಡಿದ ಕೆಲಸವನ್ನು ಮಾಡಿದರೆ ಸಾಕು: ಹರಟೆ ಎಲ್ಲೇ ನಡೆಯಲಿ, ಸಂಗ್ರಹವನ್ನು ಬೇರೆ ಇಡಿ. ನಿಮ್ಮ ಗುಂಪಿನಲ್ಲಿ ಪದೇ ಪದೇ ಬರುವ ಇಪ್ಪತ್ತು ಪ್ರಶ್ನೆಗಳನ್ನು ಪಟ್ಟಿ ಮಾಡಿ. ತಿಳಿದವರ ಉತ್ತರಗಳನ್ನು, ಅವರ ಒಪ್ಪಿಗೆ ಪಡೆದು, ಕನ್ನಡದಲ್ಲೇ ಒಂದು ಕಡೆ ಬರೆದು ಎಲ್ಲರಿಗೂ ಕಾಣುವಂತೆ ವೆಬ್‌ನಲ್ಲಿ ಹಾಕಿ. ಅದರ ಒಂದೊಂದು ಪ್ರತಿಯನ್ನು ಕನಿಷ್ಠ ಇಬ್ಬರು ಬೇರೆ ಬೇರೆ ಕಡೆ ಇಟ್ಟುಕೊಳ್ಳಲಿ, ವರ್ಷಕ್ಕೊಮ್ಮೆ ತಿದ್ದಲಿ. ಈ ಕೆಲಸಕ್ಕೆ ದುಡ್ಡು ಬೇಡ, ದೊಡ್ಡ ತಂತ್ರಜ್ಞಾನವೂ ಬೇಡ. ಗುಂಪಿಗೆ ಇಬ್ಬರು ಮನಸ್ಸು ಮಾಡಿದರೆ ಈ ತಿಂಗಳೇ ಶುರುಮಾಡಬಹುದು.